ರೀಡಿಂಗ್ ಪುಸ್ತಕದ ಕೊನೆಯ ಪುಟ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟಿತು,
ಹೊರಡುವಾಗ ಮಾತ್ರ
ನಮ್ಮ ಧಾರಿಣಿಯ ಮೂಗಿನಲ್ಲಿ
ಚಪ್ಪಲಿ ಬಿಟ್ಟುಹೋಯಿತು.

ಬೆಳಗ್ಗೆ ಆರಕ್ಕೆ ಮೊದಲ ಸೀನು. ಒಂಟಿ.
ಡ್ಯೂಟಿಗೆ ಹೊರಟವನು ಹೊಸ್ತಿಲಲ್ಲೇ ನಿಂತೆ.
ಇನ್ನೊಂದು ಬರಲಿ, ಜೋಡಿಯಾದರೆ ಶುಭ.
ಬಂತು. ಮತ್ತೊಂದು ಬಂತು. ಮತ್ತೆ, ಮತ್ತೆ.
ಶಕುನಕ್ಕೇ ಲೆಕ್ಕ ತಪ್ಪಿ ಸುಮ್ಮನಾಯಿತು.
ಒಂದೊಂದು ಸೀನಿಗೂ ನಮ್ಮವ್ವ ಒಳಗಿಂದ
"ನೂರು ವರ್ಷ ಬಾಳು" ಅನ್ನುತ್ತಾಳೆ.
ತಿಂಡಿಯ ಹೊತ್ತಿಗೆ ನನ್ನ ಐದು ವರ್ಷದ ಮಗಳಿಗೆ
ಸಾವಿರದ ಏಳುನೂರು.

ಕರೆಂಟು ಮೀಟರು ಓದುವ ಕೆಲಸ ನನ್ನದು.
ಗಾಡಿಕೊಪ್ಪದ ಯಾವ ಮನೆಯ ನಾಯಿ ಕಚ್ಚುತ್ತದೆ,
ಯಾವುದು ಬರೀ ಬೊಗಳುತ್ತದೆ, ಅಷ್ಟು ಗೊತ್ತಿತ್ತು.
ಈ ವರ್ಷ ತಲೆಯೆತ್ತಿ ನಡೆಯಲು ಕಲಿತೆ:
ಮೂರನೇ ತಿರುವಿನಲ್ಲಿ ಹೂಬಿಟ್ಟ ಮಾವು,
ಮೇಷ್ಟ್ರ ಕಾಂಪೌಂಡಿಗೆ ಒರಗಿದ ಹೊಂಗೆ,
ನಮ್ಮ ಬಾಡಿಗೆ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ
ಸೊಂಟದೆತ್ತರ ಕಾಂಗ್ರೆಸ್ ಗಿಡ,
ಅನ್ನದ ಅಗುಳಿನಂಥ ಬಿಳಿ ಹೂ;
ಸೈಟಿನ ಮಾಲೀಕ ದಾವಣಗೆರೆಯಲ್ಲಿ.
ಮೆಷಿನ್ನು ಬಂದ ಮೇಲೆ ಮೂಲೆಗೆ ಬಿದ್ದಿದ್ದ
ಹಳೆಯ ರೀಡಿಂಗ್ ಪುಸ್ತಕ ಹುಡುಕಿ
ಕೊನೆಯ ಪುಟದಲ್ಲಿ ಗೆರೆ ಎಳೆದೆ:
ತಾರೀಖು. ಗಾಳಿ. ಹೂ. ಸೀನು.
ಯೂನಿಟ್ಟಿಗೆ ಇಷ್ಟು ಎಂದು ಬಿಲ್ ಹಾಕಬಹುದಿತ್ತು,
ಯಾರ ಹೆಸರಿಗೆ ಅಂತ ಗೊತ್ತಿರಲಿಲ್ಲ.

ನೇತ್ರಾಳದು ಬೇರೆ ಇಲಾಖೆ.
ದಿಂಬಿನ ಚೀಲ ಕುದಿನೀರಿಗೆ,
ಟೆರೇಸಿನಲ್ಲಿ ಬಟ್ಟೆ ಒಣಹಾಕುವುದು ಬಂದ್,
ಸ್ಕೂಲಿಂದ ಬಂದರೆ ಕಾಲಿಗಿಂತ ಮೊದಲು ಮುಖಕ್ಕೆ ನೀರು.
ಬಟ್ಟೆಯ ಆನೆ ರಾತ್ರಿಯಿಡೀ ಫ್ರೀಜರಿನಲ್ಲಿರುತ್ತದೆ;
ಹೊರಬಂದ ಆನೆಗೆ ಧಾರಿಣಿ ಶಾಲು ಹೊದಿಸುತ್ತಾಳೆ.
ಮಲಗುವ ಮುಂಚೆ ಅರ್ಧ ಚಮಚ ಸಿರಪ್ಪು, ಆಮೇಲೆ ಸ್ಪ್ರೇ.
ತಲೆ ಬಗ್ಗಿಸು, ಮೆಲ್ಲಗೆ ಉಸಿರೆಳೆ, ಅಳಬೇಡ,
ಅತ್ತರೆ ಔಷಧಿಯೆಲ್ಲ ಹೊರಗೆ ಬರುತ್ತೆ ಬಂಗಾರಿ.
ಅವ್ವನ ದೊಡ್ಡಪತ್ರೆ ರಸಕ್ಕೂ ಇವಳ ಸಿರಪ್ಪಿಗೂ
ಅಡುಗೆಕಟ್ಟೆಯ ಮೇಲೆ ಮಾತಿಲ್ಲ ಕತೆಯಿಲ್ಲ.

ಅಂಗೈಯಿಂದ ಮೇಲಕ್ಕೆ ಉಜ್ಜಿ ಉಜ್ಜಿ
ಮಗುವಿನ ಮೂಗಿನ ಮೇಲೊಂದು ಅಡ್ಡಗೆರೆ ಬಿದ್ದಿದೆ.
ಸೆಲ್ಯೂಟ್ ಹೊಡೀತಾಳೆ ಅಂತ ಓಣಿಯವರ ನಗು.
ಊರಿನ ಮೀಟರೆಲ್ಲ ಓದುವ ನನಗೆ
ಆ ಒಂದು ಗೆರೆ ಓದಲು ಬರುವುದಿಲ್ಲ.

ಒಂದು ಭಾನುವಾರ, ಬಾಯಿಗೆ ಒದ್ದೆ ಟವೆಲು ಕಟ್ಟಿ
ಖಾಲಿ ಸೈಟನ್ನು ಬುಡಸಮೇತ ಕಿತ್ತೆ.
ಮೊಣಕೈವರೆಗೂ ಕೆಂಪು ಗಂಧೆ.
ಸೋಮವಾರ: ಸೀನು ಇಪ್ಪತ್ತೆರಡು.
ಆ ಪುಟದಲ್ಲಿ ಮತ್ತೇನೂ ಬರೆಯಲಿಲ್ಲ.

"ಯಾವುದರಿಂದ ಆಗುತ್ತೆ, ಕಣ್ಣಿಟ್ಟಿರಿ" ಅಂದಿದ್ದರು
ದುರ್ಗಿಗುಡಿಯ ಡಾಕ್ಟರು, ನಮಗೆ.
ಕಣ್ಣಿಟ್ಟವಳು ಅವಳು.
ಮುಂದಿನ ಸಲ ಹೋದಾಗ ಯೂನಿಫಾರ್ಮಿನ ಜೇಬಿಂದ
ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು:
ಸ್ಕೂಲಿನ ಹಿಂದಿನ ಅಕೇಶಿಯಾದ ಹಳದಿ ಪುಡಿ,
ಹೊಂಗೆಯ ಒಂದು ಎಸಳು, ಚಿಟಿಕೆ ಚಾಕಿನ ಧೂಳು,
ಯಾರದೋ ಬೆಕ್ಕಿನ ಮೂರು ಕೂದಲು.
"ಇವರಲ್ಲಿ ಯಾರು ಅಂತ ನೀವೇ ಹೇಳಿ."

ಡಾಕ್ಟರು ಕನ್ನಡಕ ಏರಿಸಿ ಬಗ್ಗಿದರು.
ಇನ್ನಷ್ಟು ಬಗ್ಗಿದರು.
ಸೀನಿದರು.
ಒಂದೇ. ಒಂಟಿ.

ಕಾಂಪೌಂಡರು, ನಾನು, ಬಾಗಿಲಲ್ಲಿ ಕಾದಿದ್ದವರು,
ಯಾರೂ ಉಸಿರು ಬಿಡಲಿಲ್ಲ.
ಆಮೇಲೆ ಧಾರಿಣಿ, ಅವ್ವನದೇ ದನಿಯಲ್ಲಿ, ನಗದೆ:
"ನೂರು ವರ್ಷ ಬಾಳಿ."

ಚೀಟಿಯಲ್ಲಿ ಅದೇ ಸ್ಪ್ರೇ, ಇನ್ನೂ ಎರಡು ತಿಂಗಳು.
ಮಳೆ ಹಿಡಿದರೆ ಪುಡಿ ಕೂರುತ್ತೆ ಅಂದರು,
ಆಗ ಗೋಡೆಯ ಬೂಷ್ಟು ಶುರು, ನೋಡೋಣ ಅಂದರು.
ಸಾಗರ ರಸ್ತೆಯ ಗಾಳಿಗೆ ಸ್ಕೂಟರಿನ ಹಿಂದೆ
ನನ್ನ ಬೆನ್ನಿಗೆ ಮೂಗೊತ್ತಿ ಕೂತವಳ ಮುಷ್ಟಿಯಲ್ಲಿ
ಏನೋ ಚುಚ್ಚಿದಂತಾಗಿ ಕೇಳಿದೆ.
ಬೆಂಕಿಪೊಟ್ಟಣ ವಾಪಸು ಇಸಿದುಕೊಂಡಿದ್ದಳು,
ಖಾಲಿ.
ನಾಳೆಗೆ ಬೇಕಂತೆ.